ಹರಿಯದ ಹೊಲಿಗೆ

"ಟಾರ್ಚು ಇತ್ತ ಹಿಡಿ. ನನ್ನ ಕಾಲಿಗಲ್ಲ ಕಣೋ, ಸೀಟಿನ ಕೆಳಕ್ಕೆ!"

ನುಜ್ಜುಗುಜ್ಜಾದ ಕಾರಿನ ಹೊಟ್ಟೆಯೊಳಗಿಂದ ಬಂದ ದನಿ ಅದು. ಹೊರಗೆ ಕಾಣುತ್ತಿದ್ದದ್ದು ಬೆಲ್ಟಮ್ಮನ ಎರಡು ಪಾದ ಮಾತ್ರ. ಅದರಲ್ಲೂ ಒಂದರ ಚಪ್ಪಲಿ ಎಲ್ಲೋ ಕಳಚಿ ಬಿದ್ದಿತ್ತು. ಉಳಿದ ಬೆಲ್ಟಮ್ಮ ಮುಂದಿನ ಸೀಟಿನಡಿ ತಲೆ ತೂರಿಸಿ, ಬಾಗಿಲ ಬುಡದಲ್ಲಿ ಏನನ್ನೋ ತಡಕುತ್ತಿದ್ದಳು.

"ಅತ್ತಿಗೆ, ಕಾಲು ಹಿಡಿದು ಎಳೀಲಾ? ಸಿಕ್ಕಿಹಾಕ್ಕೊಂಡ ಹಾಗಿದೆ," ಎಂದ ಮೈದುನ.

"ಎಳೆದು ನೋಡು. ಆಮೇಲೆ ನಿನ್ನ ಕಿವಿ ನನ್ನ ಕೈಲಿರುತ್ತೆ."

ಮೈದುನ ಕಿವಿ ಮುಟ್ಟಿ ನೋಡಿಕೊಂಡು ಟಾರ್ಚನ್ನು ಬಗ್ಗಿಸಿದ. ವಿಮಾ ಕಂಪನಿಗಳಿಗೆ ಅಪಘಾತದ ಫೋಟೋ ತೆಗೆದು ಕೊಡುತ್ತಿದ್ದ ಅವನು ಈಗ ಅತ್ತಿಗೆಯ ಪತ್ತೇದಾರಿ ಕಚೇರಿಯ ಕ್ಯಾಮರಾಮನ್, ಚಾಲಕ, ಗುಮಾಸ್ತ ಎಲ್ಲವೂ ಆಗಿದ್ದ. ಬೈಗುಳಕ್ಕೂ ಅವನೇ ದಿಕ್ಕು.

ಠಾಣೆಯ ಹಿಂದಿನ ಗಾಡಿ ಅಂಗಳ ಅದು. ತಗಡಿನ ಬೇಲಿ, ತುಕ್ಕು ಹಿಡಿದ ಬೈಕುಗಳ ರಾಶಿ, ಎಣ್ಣೆ ಕುಡಿದು ಕಪ್ಪಾದ ನೆಲ. ಕಾರಿನ ಇನ್ನೊಂದು ಬದಿಯಲ್ಲಿ ಇನ್ಸ್‌ಪೆಕ್ಟರ್ ಚಹಾದ ಲೋಟ ಹಿಡಿದು ನಿಂತಿದ್ದರು. ಅವರ ಮುಖದಲ್ಲಿ ಊಟದ ಹೊತ್ತಾಗುತ್ತಿದ್ದ ಮನುಷ್ಯನ ಅಸಹನೆಯಿತ್ತು.

"ಬೇಗ ಮುಗಿಸಿ ಮೇಡಂ. ಕಾರ್ ಕಂಪನಿ ಲಾರಿ ಹೊರಟಿದೆಯಂತೆ. ಗಾಡಿ ಒಯ್ಯೋಕೆ ಅನುಮತಿ ಕೊಟ್ಟಾಗಿದೆ. ಈ ಕೇಸಲ್ಲಿ ಹುಡುಕೋಕೆ ಇನ್ನೇನಿದೆ?"

ಅವರ ಲೆಕ್ಕದಲ್ಲಿ ಏನೂ ಇರಲಿಲ್ಲ. ಊರಿನ ಡ್ರೈವಿಂಗ್ ಮೇಷ್ಟ್ರು ತಮ್ಮದೇ 'ಕವಚ' ಕಂಪನಿಯ ಕಾರಿನ ಮುಂದಿನ ಸೀಟಿನಲ್ಲಿ, ಚಾಲಕನ ಪಕ್ಕ, ಬೆಲ್ಟು ಕಟ್ಟಿಕೊಂಡಂತೆಯೇ ತಲೆಗೆ ಪೆಟ್ಟು ಬಿದ್ದು ಸತ್ತಿದ್ದರು. ಕಾರು ಸೇತುವೆಯ ಗೋಡೆಗೆ ಮೂತಿ ಹೊಡೆದು ನಿಂತಿತ್ತು. ಅವರ ಮಗಳು ಚಾಲಕನ ಬಾಗಿಲ ಪಕ್ಕದ ಹುಲ್ಲಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಎಚ್ಚರವಾದ ಮೇಲೆ ಅವಳಿಗೆ ಅಪಘಾತವಾದ ಸಂಜೆಯ ಒಂದು ತುಣುಕೂ ನೆನಪಿರಲಿಲ್ಲ. ಗಾಡಿ ಓಡಿಸಿದವಳು ಅವಳೇ, ಅಪ್ಪನನ್ನು ಕೊಂದವಳೂ ಅವಳೇ ಎಂದು ಪೊಲೀಸರು ಬರೆದುಕೊಂಡಿದ್ದರು. ಈ ಸಂಜೆ ಆಸ್ಪತ್ರೆಯಿಂದ ಬಿಟ್ಟರೆ ನೇರ ಲಾಕಪ್ಪಿಗೆ.

ಬೆಲ್ಟಮ್ಮನನ್ನು ಆಸ್ಪತ್ರೆಗೆ ಕರೆಸಿಕೊಂಡದ್ದು ಆ ಹುಡುಗಿಯೇ. "ಆಂಟಿ, ನಾನು ಓಡಿಸಿದ್ದಾದ್ರೆ ಶಿಕ್ಷೆ ಆಗ್ಲಿ. ಆದ್ರೆ ಓಡಿಸಿದ್ದು ನಾನೇನಾ ಅಂತ ನಂಗೆ ಯಾರಾದ್ರೂ ಹೇಳ್ಬೇಕು," ಎಂದಿದ್ದಳು. ಅಷ್ಟೇ. ಬೆಲ್ಟಮ್ಮ ಆ ಮಾತು ಕೇಳಿ ನೇರ ಠಾಣೆಗೆ ಬಂದಿದ್ದಳು. ಹುಡುಗಿ ತನ್ನ ಮಗಳಿಗಿಂತ ನಾಲ್ಕಾರು ವರ್ಷ ದೊಡ್ಡವಳಿರಬಹುದು.

ಸೀಟಿನಡಿಯಿಂದ ಟಕ್ ಎಂದು ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿಕೊಂಡ ಸದ್ದು ಬಂತು. ಪಾದಗಳು ಅಲ್ಲಾಡುವುದನ್ನೇ ನಿಲ್ಲಿಸಿದವು.

"ಅತ್ತಿಗೆ?"

"ಹರಿದೇ ಇಲ್ಲ!"

"ಏನು?"

"ಹೊಲಿಗೆ ಕಣೋ! ಒಂದೇ ಒಂದು ಎಳೆ ಹರಿದಿಲ್ಲ! ಫೋಟೋ ತೆಗಿ, ಫೋಟೋ ತೆಗಿ!"

ಬೆಲ್ಟಮ್ಮ ಹಿಂದಕ್ಕೆ ತೆವಳಿಕೊಂಡು ಹೊರಬಂದಳು. ಕೂದಲ ತುಂಬ ಗಾಜಿನ ಪುಡಿ, ಮೂಗಿನ ಮೇಲೆ ಗ್ರೀಸು. ಕಣ್ಣು ಮಾತ್ರ ಹೊಳೆಯುತ್ತಿದ್ದವು. ಇನ್ಸ್‌ಪೆಕ್ಟರ ತೋಳನ್ನೇ ಹಿಡಿದು ಎಳೆದಳು.

"ಸಾರ್, ಬಗ್ಗಿ. ಲೋಟ ಕೆಳಗಿಡಿ, ಬಗ್ಗಿ ನೋಡಿ."

ಇನ್ಸ್‌ಪೆಕ್ಟರ್ ಗೊಣಗುತ್ತ ಬಗ್ಗಿದರು. ಬೆಲ್ಟಿನ ಪಟ್ಟಿ ನೆಲಕ್ಕೆ ಸೇರುವ ಕಡೆ, ಮುಚ್ಚಳದ ಮರೆಯಲ್ಲಿ, ಪಟ್ಟಿಯನ್ನು ಸೀರೆಯ ನೆರಿಗೆಯಂತೆ ಮಡಿಸಿ ಕೆಂಪು ದಾರದಿಂದ ಸಾಲು ಸಾಲಾಗಿ ಹೊಲಿದಿತ್ತು.

"ಇದೇನ್ರೀ, ಕಿರಿದು ಮಾಡಿಸಿದ ಪ್ಯಾಂಟಿನ ಹಾಗಿದೆ?"

"ಇದೇ ಸಾರ್ ಕವಚದ ಗುಟ್ಟು. ಗಾಡಿ ಗೋಡೆಗೆ ಗುದ್ದಿದಾಗ ಬೆಲ್ಟಿಗೆ ಮನುಷ್ಯನ ಭಾರ ಬೀಳುತ್ತಲ್ಲ, ಆಗ ಈ ಹೊಲಿಗೆ ಸಾಲುಸಾಲಾಗಿ ಹರ್ಕೊಳ್ಳುತ್ತೆ. ಹರಿದಷ್ಟೂ ಪಟ್ಟಿ ಸ್ವಲ್ಪ ಸ್ವಲ್ಪ ಬಿಟ್ಟು ಕೊಡುತ್ತೆ. ಪಕ್ಕೆಲುಬು ಮುರಿಯಲ್ಲ, ಮನುಷ್ಯ ಉಳೀತಾನೆ. ತೆಳ್ಳಗಿನವರಾದ್ರೆ ಕಡಿಮೆ ಸಾಲು ಹರಿಯುತ್ತೆ, ದಪ್ಪಗಿದ್ರೆ ಎಲ್ಲಾ ಸಾಲೂ."

"ಇದನ್ನ ನಾನೆಲ್ಲೂ ಕೇಳಿಲ್ಲವಲ್ಲ?"

"ಕಂಪನಿ ಗಿರಾಕಿಗಳಿಗೆ ಹೇಳೋದೇ ಇಲ್ಲ ಸಾರ್. ಹೇಳಿದ್ರೆ ಜನ ಸುಮ್ನಿರ್ತಾರಾ? ಬೆರಳು ಹಾಕಿ ಎಳೆದು ನೋಡ್ತಾರೆ. ಅಪಘಾತ ಪರಿಶೀಲನಾ ವಿಭಾಗದವರಿಗೆ ಬಿಟ್ರೆ ಇದು ಯಾರಿಗೂ ಗೊತ್ತಿರಲ್ಲ."

ಆ ವಿಭಾಗದಲ್ಲೇ ಬೆಲ್ಟಮ್ಮ ತನ್ನ ಯೌವನವನ್ನೆಲ್ಲ ಸವೆಸಿದ್ದಳು. ಬೆಲ್ಟಮ್ಮ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ.

ಕವಚ ಕಂಪನಿಯ ಮೂಲಪುರುಷ ಕಬ್ಬಿಣದ ಬೀರು ತಯಾರಿಸುತ್ತಿದ್ದವನು. ಯಾವುದೋ ಕಾರಿನ ಬಾಗಿಲು ತಿರುವಿನಲ್ಲಿ ತೆರೆದುಕೊಂಡು ಹೆಂಡತಿ ರಸ್ತೆಗೆ ಬಿದ್ದು ತೀರಿಕೊಂಡಾಗ, ಬಿಟ್ಟುಕೊಳ್ಳದ ಬಾಗಿಲೊಂದನ್ನು ಮಾಡಿ ಕಾರಿನ ಕಂಪನಿಗಳ ಬಾಗಿಲಿಗೆಲ್ಲ ಅಲೆದ. ಯಾರೂ ಕೊಳ್ಳಲಿಲ್ಲ. ಸಿಟ್ಟಿಗೆದ್ದು, ಆ ಬಾಗಿಲಿಗೆ ತಕ್ಕ ಕಾರನ್ನು ತಾನೇ ಮಾಡಿಬಿಟ್ಟ. ಅದನ್ನು ಕ್ರೇನಿನಿಂದ ಎತ್ತಿ ಕೆಳಕ್ಕೆ ಬೀಳಿಸಿ, ಒಳಗಿಂದ ತಾನೇ ಇಳಿದು ಬಂದು, ನೆರೆದವರ ಮುಂದೆ ಕನ್ನಡಕ ಒರೆಸಿಕೊಂಡ. ಅಂದಿನಿಂದ ಜನ ಆ ಕಾರನ್ನು ನಕ್ಕು 'ಬೀರು' ಎಂದು ಕರೆದರು. ನಕ್ಕವರೇ ಮಕ್ಕಳಾದ ಮೇಲೆ ಬಂದು ಕೊಂಡರು.

ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಅಪಘಾತವಾದ ಕವಚ ಗುಜರಿಗೆ ಹೋಗುವಂತಿಲ್ಲ. ಎಲ್ಲಿ ಬಿದ್ದಿರಲಿ, ಹೇಗೇ ಮುರಿದಿರಲಿ, ಲಾರಿ ಕಳಿಸಿ ಕಾರ್ಖಾನೆಗೆ ತರಿಸಬೇಕು. ಏನು ಉಳಿಸಿತು, ಏನು ಸೋತಿತು ಎಂದು ನೋಡಬೇಕು. ಇದಕ್ಕೆ ಅವರ ಬಾಯಲ್ಲಿ 'ತವರಿಗೆ ಕಳಿಸೋದು' ಎಂದೇ ಹೆಸರು. ಬೆಲ್ಟಮ್ಮನೂ ಅವಳ ಜೊತೆಗಾರ ಟೇಪಣ್ಣನೂ ಹಾಗೆ ಎಷ್ಟೋ ಮುರಿದ ಕಾರುಗಳನ್ನು ತವರಿಗೆ ತಂದವರು. ಅವನು ಅಳತೆಯ ಟೇಪು ಹಿಡಿದರೆ ಇವಳು ಬೆಲ್ಟು ಬಿಚ್ಚುತ್ತಿದ್ದಳು. ಹೊಲಿಗೆ ಓದುವುದನ್ನು ಅವಳಿಗೆ ಕಲಿಸಿದವನೇ ಅವನು.

"ಸರಿ. ಹೊಲಿಗೆ ಹರಿದಿಲ್ಲ. ಅಂದ್ರೆ?" ಎಂದರು ಇನ್ಸ್‌ಪೆಕ್ಟರ್. ಚಹಾ ಆರುತ್ತಿರುವುದು ಅವರಿಗೆ ಮರೆತೇ ಹೋಗಿತ್ತು.

"ಅಂದ್ರೆ ಗಾಡಿ ಗುದ್ದಿದಾಗ ಈ ಸೀಟಲ್ಲಿ ಯಾರೂ ಇರಲಿಲ್ಲ!"

"ಮೇಷ್ಟ್ರು ಇದೇ ಸೀಟಲ್ಲಿ ಸಿಕ್ಕಿದ್ದು ಕಣ್ರೀ. ಬೆಲ್ಟು ಕಟ್ಟಿಕೊಂಡು. ನಾನೇ ಕಣ್ಣಾರೆ ನೋಡಿದೀನಿ."

"ಅವರ ಎದೆ ಮೇಲೆ ಬೆಲ್ಟಿನ ಗುರುತು ನೋಡಿದ್ರಾ? ಕಪ್ಪಗೆ ಕಂದಿದ ಪಟ್ಟೆ?"

"ಡಾಕ್ಟರು ತಲೆ ಪೆಟ್ಟು ಅಂತ ಬರೆದಿದಾರೆ. ಎದೆ ಮೇಲೆ... ಏನೂ ಇರಲಿಲ್ಲ."

"ನೋಡಿ! ಅವರನ್ನ ಆಮೇಲೆ ಕೂರಿಸಿದಾರೆ. ಬೇರೆಲ್ಲೋ ಹೊಡೆದು, ಗಾಡಿ ಗುದ್ದಿದ ಮೇಲೆ ಇಲ್ಲಿಗೆ ತಂದು ಕೂರಿಸಿದಾರೆ!"

ಮೈದುನ ಕ್ಯಾಮರಾ ಕೆಳಗಿಳಿಸಿದ.

ಬೆಲ್ಟಮ್ಮ ಆಗಲೇ ಕಾರನ್ನು ಸುತ್ತು ಹಾಕಿ ಚಾಲಕನ ಬಾಗಿಲಿಗೆ ಹೋಗಿದ್ದಳು. ಒಂದು ಕಾಲಿಗೆ ಚಪ್ಪಲಿ ಇಲ್ಲ ಎನ್ನುವುದೂ ಅವಳಿಗೆ ಗೊತ್ತಾಗಿರಲಿಲ್ಲ. ಮುಚ್ಚಳ ಕಿತ್ತಳು. ಕೆಂಪು ದಾರವೆಲ್ಲ ಕಿತ್ತು ಚಿಂದಿಯಾಗಿ ನೇತಾಡುತ್ತಿತ್ತು. ಕೊನೆಯ ಸಾಲೂ ಉಳಿದಿರಲಿಲ್ಲ.

"ದಪ್ಪ ಆಸಾಮಿ," ಎಂದಳು. "ಒಳ್ಳೆ ಭಾರದ ಗಂಡಸು. ಮೇಷ್ಟ್ರ ಮಗಳನ್ನ ನೋಡಿದೀರಲ್ಲ ಸಾರ್? ಗಾಳಿ ಬಂದ್ರೆ ಕಂಬ ಹಿಡ್ಕೊಳ್ಳೋ ಹುಡುಗಿ."

"ಹಾಗಾದ್ರೆ ಅವಳೆಲ್ಲಿ ಕೂತಿದ್ಲು?"

ಬೆಲ್ಟಮ್ಮ ಉತ್ತರ ಕೊಡದೆ ಹಿಂದಿನ ಬಾಗಿಲು ಎಳೆದಳು. ಇಲ್ಲಿಗೆ ಎಳೆದು ತರುವಾಗ ಜಜ್ಜಿಹೋಗಿದ್ದ ಅದು ಬರಲಿಲ್ಲ. ಮೈದುನ ಕೈ ಸೇರಿಸಿದ. ಇನ್ಸ್‌ಪೆಕ್ಟರೂ ಸೇರಿಸಿದರು. ಮೂವರೂ ಎಳೆದಾಗ ಬೀರು ಕಿರ್ರೆನ್ನುತ್ತ ತೆರೆದುಕೊಂಡಿತು. ಹಿಂದಿನ ಸೀಟಿನ ಬೆಲ್ಟಿನಲ್ಲಿ ಮೊದಲ ಸಾಲು ಮಾತ್ರ ಹರಿದಿತ್ತು. ಉಳಿದ ಹೊಲಿಗೆ ಅಚ್ಚುಕಟ್ಟಾಗಿ ಹಾಗೇ ಇತ್ತು.

ತೆಳ್ಳಗಿನ ಮೈಯೊಂದನ್ನು ಆ ಪಟ್ಟಿ ಹಿಡಿದು ಉಳಿಸಿತ್ತು.

"ಅವಳು ಓಡಿಸಿಲ್ಲ," ಎಂದಳು ಬೆಲ್ಟಮ್ಮ. "ಇಲ್ಲಿಂದ ಎಳೆದು ಹುಲ್ಲಲ್ಲಿ ಮಲಗಿಸಿದಾರೆ." ಆಮೇಲೆ ಅಂಗಳವೇ ಬೆಚ್ಚುವ ಹಾಗೆ ಕೂಗಿದಳು: "ಅವಳು ಓಡಿಸಿಲ್ಲ ಕಣೋ!"

ಬೇಲಿಯಾಚೆ ಲಾರಿಯ ಹಾರನ್ ಕೇಳಿಸಿತು. ಕವಚ ಕಂಪನಿಯ ನೀಲಿ ಲಾರಿ ಬಂದು ಗೇಟಿನ ಮುಂದೆ ಉಸಿರು ಬಿಟ್ಟಿತು. ಇನ್ಸ್‌ಪೆಕ್ಟರ್ ಒಮ್ಮೆ ಲಾರಿಯನ್ನೂ ಒಮ್ಮೆ ಬೆಲ್ಟನ್ನೂ ನೋಡಿದರು. ಟೋಪಿ ಸರಿ ಮಾಡಿಕೊಂಡು ಪೇದೆಯನ್ನು ಕರೆದರು.

"ಲಾರಿ ವಾಪಸ್ ಕಳ್ಸು. ಗಾಡಿ ಎಲ್ಲೂ ಹೋಗಲ್ಲ ಅನ್ನು."

"ಸಾರ್, ಆ ಹುಡುಗಿ..." ಎಂದಳು ಬೆಲ್ಟಮ್ಮ.

"ದಾರದ ಮಾತು ಕೇಳಿ ಆರೋಪಿನ ಬಿಡೋಕಾಗಲ್ಲ ಮೇಡಂ. ನಮ್ಮ ಮೇಲಿನವರು ನನ್ನನ್ನೇ ಹೊಲೀತಾರೆ. ಓಡಿಸಿದವನು ಯಾರು ಅಂತ ಹೇಳಿ. ಸಂಜೆ ಡಿಸ್ಚಾರ್ಜ್ ಆಗೋ ತನಕ ಟೈಮಿದೆ."

ಬೆಲ್ಟಮ್ಮ ಚಪ್ಪಲಿ ಹುಡುಕಿ ಕಾಲಿಗೆ ಸಿಕ್ಕಿಸಿಕೊಂಡು ಓಡಿದಳು.

*

ಬೆಲ್ಟಮ್ಮನ ಸ್ವಂತ ಕಾರೂ ಹಳೆಯ ಕವಚವೇ. ಬಾಗಿಲು ಮುಚ್ಚಲು ಭುಜ ಕೊಡಬೇಕು. ಏರು ಬಂದರೆ ಮುದುಕನಂತೆ ಕೆಮ್ಮುತ್ತದೆ, ಪೆಟ್ರೋಲ್ ಬಂಕ್ ಕಂಡರೆ ತಾನಾಗಿ ಅತ್ತ ತಿರುಗುತ್ತದೆ ಎಂದು ಮೈದುನನ ದೂರು. ಕನ್ನಡಿಯೊಂದು ಒಡೆದಾಗ ಬಿಡಿಭಾಗಕ್ಕೆ ಕಾದು ಕಾದು ಕೊನೆಗೆ ಮುಖ ನೋಡುವ ಕನ್ನಡಿಯನ್ನೇ ಕಟ್ಟಿಕೊಂಡು ತಿರುಗಿದ್ದರು. ಆದರೂ ಮಾರುವ ಮಾತೆತ್ತಿದರೆ ಬೆಲ್ಟಮ್ಮ ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಾಳೆ. ಎರಡೂ ಮಕ್ಕಳನ್ನು ಆಸ್ಪತ್ರೆಯಿಂದ ಮನೆಗೆ ತಂದ ಗಾಡಿ ಅದು.

"ಎಲ್ಲಿಗೆ ಅತ್ತಿಗೆ?"

"ಶೋರೂಮಿಗೆ. ಅಲ್ಲಿ ಕವಚ ಮಾರೋನೇ ಹುಡುಗಿ ಸೋದರಮಾವ."

"ಒಳ್ಳೆ ಭಾರದ ಗಂಡಸು," ಎಂದ ಮೈದುನ ಗೇರು ಹಾಕುತ್ತ.

"ಹೂಂ. ಮೇಷ್ಟ್ರು ಸಾಯೋ ದಿನ ಬೆಳಿಗ್ಗೆ ಅವನ ಶೋರೂಮಲ್ಲಿ ಜಗಳ ಆಡಿದ್ರಂತೆ. ರಸ್ತೆಗೆಲ್ಲ ಕೇಳಿಸಿದೆ."

"ಹಾಗಾದ್ರೆ ಸುಲಭ. ಅಂಗಿ ಬಿಚ್ಚಿಸಿ ನೋಡೋದು. ಬಲ ಭುಜದಿಂದ ಎಡ ಸೊಂಟಕ್ಕೆ ಕಪ್ಪು ಪಟ್ಟೆ ಇದ್ರೆ ಅವನೇ ಚಾಲಕ."

"ನೀನು ಹೋಗಿ ಬಿಚ್ಚಿಸು. ನಾನು ಹೊರಗೆ ನಿಂತಿರ್ತೀನಿ."

ಮೈದುನ ನಕ್ಕ. ಬೆಲ್ಟಮ್ಮ ನಗಲಿಲ್ಲ. ಅವಳ ತಲೆಯಲ್ಲಿ ಇನ್ನೊಂದು ಪ್ರಶ್ನೆ ಕೊರೆಯುತ್ತಿತ್ತು.

"ಒಂದು ಯೋಚ್ನೆ ಮಾಡು. ಸತ್ತವರನ್ನ ತಂದು ಸೀಟಲ್ಲಿ ಕೂರಿಸಿದ. ಸರಿ. ಬೆಲ್ಟ್ ಯಾಕೆ ಹಾಕ್ದ?"

"ಅಪಘಾತದ ಹಾಗೆ ಕಾಣ್ಲಿ ಅಂತ."

"ಹಾಕದೆ ಬಿಟ್ಟಿದ್ರೆ ಇನ್ನೂ ಚೆನ್ನಾಗಿ ಕಾಣ್ತಿತ್ತಲ್ಲೋ! ಬೆಲ್ಟ್ ಇಲ್ಲ, ಮುಂದಕ್ಕೆ ಬಿದ್ರು, ತಲೆ ಒಡೀತು, ಮುಗೀತು. ಯಾರೂ ತಲೆ ಕೆಡಿಸ್ಕೊಳ್ತಿರ್ಲಿಲ್ಲ, ನಾನೂ ಸೀಟಿನ ಕೆಳಗೆ ನುಗ್ತಿರ್ಲಿಲ್ಲ. ಕೊಂದವನು ಕೈಯಾರೆ ತಪ್ಪು ಮಾಡಿದಾನೆ."

ಕಾರು ಕೆಮ್ಮುತ್ತ ಏರು ಹತ್ತಿತು.

*

ಶೋರೂಮಿನ ಗಾಜಿನ ಬಾಗಿಲು ತಾನಾಗಿ ಸರಿದು ದಾರಿ ಬಿಟ್ಟಿತು. ಒಳಗೆ ತಣ್ಣನೆಯ ಗಾಳಿ, ಹೊಸ ಚರ್ಮದ ವಾಸನೆ, ನೆಲದ ಮೇಲೆ ಮುಖ ಕಾಣುವ ಹೊಳಪು. ನಡುವೆ ಹೊಸ ಮಾದರಿಯ ಬೆಳ್ಳಿಬಣ್ಣದ ಕವಚ ನಿಂತಿತ್ತು. ಗೋಡೆಯ ಉದ್ದಕ್ಕೂ ಕಂಪನಿಯ ಘೋಷವಾಕ್ಯ: 'ಹೋದವರು ಮನೆಗೆ ಬರಬೇಕು.'

ಶೋರೂಮ್ ಮಾವ ಹಲ್ಲಿನ ಸಂದಿಯ ಕಡ್ಡಿ ತೆಗೆದು, ಹೊಟ್ಟೆಯನ್ನು ಮುಂದೆ ಬಿಟ್ಟುಕೊಂಡು ಬಂದ.

"ಏನಮ್ಮಾ ಬೆಲ್ಟಮ್ಮ! ಕಂಪನಿ ಬಿಟ್ರೂ ಚಾಳಿ ಬಿಟ್ಟಿಲ್ಲ ನೋಡಿ. ಇನ್ನೂ ಕಂಡವರ ಸೀಟಿನ ಕೆಳಗೆ ನುಗ್ತಾ ಇದೀರಂತೆ?"

"ಕಂಡವರದಲ್ಲ, ನಿಮ್ಮ ಭಾವಂದು. ಅದಿರ್ಲಿ, ನಿಮ್ಮ ಹೊಸ ಗಾಡಿ ಚೆನ್ನಾಗಿದೆ. ಒಂದು ಸುತ್ತು ಕರ್ಕೊಂಡು ಹೋಗ್ತೀರಾ?"

ಮಾವ ಹುಬ್ಬು ಗಂಟಿಕ್ಕಿದ. ಮಾರುವವನ ಆಸೆ ಗೆದ್ದಿತು. "ಹಳೇ ಡಬ್ಬಾ ಕೊಟ್ಟು ಹೊಸದು ತಗೊಳ್ತೀರಾ? ಬನ್ನಿ ಬನ್ನಿ. ನಿಮಗೆ ಅಂತ ಒಳ್ಳೆ ಬೆಲೆ ಹಾಕ್ಕೊಡ್ತೀನಿ."

ಬೆಲ್ಟಮ್ಮ ಪಕ್ಕದ ಸೀಟಿನಲ್ಲಿ ಕೂತಳು. ಮೈದುನ ಹಿಂದೆ ಹತ್ತಿದ. ಮಾವ ಚಾಲಕನ ಸೀಟಿನಲ್ಲಿ ಧೊಪ್ಪೆಂದು ಕೂತ. ಬಲಗೈಯನ್ನು ತಲೆಯ ಮೇಲಕ್ಕೆ ಸಲೀಸಾಗಿ ಎತ್ತಿ ಕನ್ನಡಿ ತಿರುಗಿಸಿಕೊಂಡ. ಭುಜ ಎಲ್ಲೂ ಹಿಡಿಯಲಿಲ್ಲ, ಮುಖ ಕಿವುಚಲಿಲ್ಲ. ಗುಂಡಿ ಒತ್ತಿದ. ಎಂಜಿನ್ ಗುನುಗಿತು. ಗಾಜಿನ ಬಾಗಿಲಿನತ್ತ ಕಾರು ತೆವಳತೊಡಗಿತು.

ಬೆಲ್ಟಮ್ಮ ಅವನ ಕೈಗಳನ್ನೇ ನೋಡುತ್ತಿದ್ದಳು. ಅವು ಬೆಲ್ಟಿನ ಕಡೆ ಹೋಗಲೇ ಇಲ್ಲ. ಎಚ್ಚರಿಕೆಯ ಟಿಣಿಟಿಣಿಯೂ ಬರಲಿಲ್ಲ. ಬಗ್ಗಿ ನೋಡಿದರೆ ಬೆಲ್ಟಿನ ಕೊಕ್ಕೆ ಹೋಗಬೇಕಾದ ಕಡೆ ಯಾವುದೋ ಬರಿ ತಗಡಿನ ಕೊಕ್ಕೆ ಸಿಕ್ಕಿಸಿತ್ತು.

"ಇದೇನ್ರೀ ಇದು?"

ಮಾವ ಹಲ್ಲು ಬಿಟ್ಟ. "ಹೊಟ್ಟೆಗೆ ಒತ್ತುತ್ತೆ ಕಣಮ್ಮಾ. ಹಾಕದಿದ್ರೆ ದರಿದ್ರದ್ದು ಕಿರುಚ್ತಾನೇ ಇರುತ್ತೆ. ಅದರ ಬಾಯಿ ಮುಚ್ಚಿಸೋಕೆ ಇದು. ಬೇಕಾ ನಿಮಗೊಂದು?"

ಹಿಂದಿನ ಸೀಟಿನಲ್ಲಿ ಮೈದುನನಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಜನಕ್ಕೆ ಕವಚ ಮಾರುವವನು ತಾನೇ ಬೆಲ್ಟು ಹಾಕುವುದಿಲ್ಲ!

ಬೆಲ್ಟಮ್ಮನಿಗೆ ಮಾತ್ರ ಆ ಕ್ಷಣ ಮಿಂಚು ಹೊಡೆದಂತಾಯಿತು.

"ನಿಲ್ಸಿ. ಗಾಡಿ ನಿಲ್ಸಿ! ನೀವಲ್ಲ."

"ಏನು ನಾನಲ್ಲ?"

"ನಿಮ್ಮ ಭಾವನ್ನ ಸೀಟಲ್ಲಿ ಕೂರಿಸಿದವನು ನೀವಲ್ಲ. ಬದುಕಿರೋ ನಿಮಗೇ ಬೆಲ್ಟ್ ಹಾಕ್ಕೊಳ್ಳೋಕೆ ಬೇಜಾರು. ಸತ್ತವರಿಗೆ ಹಾಕ್ತೀರಾ? ಅವನು ಬೇರೆ ಥರದವನು. ಸೀಟಲ್ಲಿ ಮನುಷ್ಯ ಕೂತಿದಾನೆ ಅಂದ್ರೆ ಕೈ ತಾನೇ ತಾನಾಗಿ ಬೆಲ್ಟ್ ಎಳೆಯುತ್ತೆ. ಸತ್ತಿದಾನೋ ಬದುಕಿದಾನೋ ಅಂತ ಕೈ ಕೇಳಲ್ಲ. ಜೀವಮಾನವೆಲ್ಲ ಅದೇ ಕೆಲಸ ಮಾಡಿದ ಕೈ ಅದು."

ಮಾವನ ಮುಖದಿಂದ ನಗು ಜಾರಿತು. ಕಾರು ಅರ್ಧ ದಾರಿಯಲ್ಲೇ ನಿಂತಿತು. ಬೆಲ್ಟಮ್ಮ ಬಾಗಿಲು ತೆರೆದು ಇಳಿದವಳೇ ಹೊಳೆಯುವ ನೆಲದ ಮೇಲೆ ಮಂಡಿಯೂರಿದಳು.

"ಏಳಿ ಮೇಡಂ, ಗಿರಾಕಿಗಳು ನೋಡ್ತಾರೆ..." ಎನ್ನುವಷ್ಟರಲ್ಲಿ ಮುಚ್ಚಳ ಕಿತ್ತು ಅವಳ ಕೈಯಲ್ಲಿತ್ತು.

ಮಡಿಕೆ ಇತ್ತು. ಕೆಂಪು ದಾರವೂ ಇತ್ತು. ಬೆಲ್ಟಮ್ಮ ಉಗುರಿನಿಂದ ಮೆಲ್ಲಗೆ ಮೀಟಿದಳು. ಅಂಟಿಸಿದ ಲಕೋಟೆ ಬಿಚ್ಚಿಕೊಂಡಂತೆ ಮಡಿಕೆ ಇಡಿಯಾಗಿ ಸುರುಳಿ ಬಿಚ್ಚಿತು. ಹೊಲಿಗೆಯ ಹಾಗೆ ಕಂಡದ್ದು ಬರೀ ಮೇಲಿನ ಪದರದ ಅಲಂಕಾರ. ಉಳಿದದ್ದೆಲ್ಲ ಗೋಂದು.

ಗೋಡೆಯ ಮೇಲೆ 'ಹೋದವರು ಮನೆಗೆ ಬರಬೇಕು' ಎಂಬ ಅಕ್ಷರಗಳು ಹೊಳೆಯುತ್ತಿದ್ದವು.

"ಇಂಥವು ಎಷ್ಟು ಗಾಡಿ ಮಾರಿದೀರಿ?" ಬೆಲ್ಟಮ್ಮನ ದನಿ ತಗ್ಗಿತ್ತು. ಆ ದನಿ ಮೈದುನನಿಗೆ ಗೊತ್ತಿತ್ತು. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ನಂಗೊತ್ತಿರ್ಲಿಲ್ಲ," ಎಂದ ಮಾವ. "ದೇವರಾಣೆ ಗೊತ್ತಿರ್ಲಿಲ್ಲ. ಭಾವ ಬಂದು ಹೇಳೋ ತನಕ. ಯಾರೋ ಹಳೇ ಶಿಷ್ಯ ಹೊಸ ಗಾಡಿ ತಗೊಂಡು ಸಣ್ಣದಾಗಿ ಗುದ್ದಿಸಿ, ಪಕ್ಕೆ ಮುರ್ಕೊಂಡಿದ್ದನಂತೆ. ಇವರು ಆ ಬೆಲ್ಟ್ ಕಿತ್ತು ಚೀಲದಲ್ಲಿ ಹಾಕ್ಕೊಂಡು ಬಂದ್ರು. ಮಾಲೀಕರ ಸಂಘದ ಸಭೇಲಿ ಎಲ್ಲರ ಮುಂದೆ ಇಡ್ತೀನಿ ಅಂತ ಕೂಗಾಡಿದ್ರು."

"ಆಮೇಲೆ?"

"ಆಮೇಲೆ... ನಾನು ಕಂಪನಿಗೆ ಫೋನ್ ಮಾಡ್ದೆ. ಇನ್ನೇನ್ ಮಾಡ್ಲಿ? ಅವರು ಒಬ್ಬರನ್ನ ಕಳಿಸಿದ್ರು. 'ಮೇಷ್ಟ್ರು ನನ್ನ ಹಳೇ ಸ್ನೇಹಿತ, ಹೊಲಿಗೆ ಗುಟ್ಟು ಅವರಿಗೆ ಹೇಳಿದ್ದೇ ನಾನು, ನಾನೇ ಸಮಾಧಾನ ಮಾಡ್ತೀನಿ, ನೀವು ಬಾಯಿ ಬಿಡ್ಬೇಡಿ' ಅಂದ್ರು. ಸಂಜೆ ಭಾವನ ಮನೆ ಕಡೆ ಹೋದ್ರು. ಬೆಳಗಾದ್ರೆ ಈ ಸುದ್ದಿ."

"ಪೊಲೀಸರಿಗೆ ಹೇಳಿದ್ರಾ?"

ಮಾವ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ.

"ಹೇಳಿದ್ರೆ ಬೆಲ್ಟಿನ ವಿಷಯಾನೂ ಹೇಳ್ಬೇಕಲ್ಲ. ಶೋರೂಮಿಗೆ ಬೀಗ ಬೀಳುತ್ತೆ."

"ಅಕ್ಕನ ಮಗಳು ಜೈಲಿಗೆ ಹೋದ್ರೂ ಪರವಾಗಿಲ್ಲ, ಶೋರೂಮ್ ತೆಗೆದಿರ್ಬೇಕು! ಎತ್ತಿ ಆಡ್ಸಿದ ಮಗು ಅಲ್ವೇನ್ರೀ ಅದು? ಮಾವಾ ಅಂತ ಅದು ಕರೆದಾಗ ಯಾವ ಮುಖ ಇಟ್ಕೊಂಡು ಓ ಅಂತೀರಿ?"

"ಅಯ್ಯೋ, ಬಿಡ್ರಮ್ಮಾ..." ದಪ್ಪ ದೇಹ ಕಾರಿಗೆ ಒರಗಿತು. ಕಣ್ಣು ತುಂಬಿಕೊಂಡಿದ್ದವು. "ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ."

"ನಿದ್ದೆ ಆಮೇಲೆ ಮಾಡಿ. ಹೆಸರು ಹೇಳಿ. ಬಂದವನು ಯಾರು?"

ಮಾವ ತಲೆ ಎತ್ತಲಿಲ್ಲ.

"ನಿಮ್ಮವರೇ. ನಿಮ್ಮ ಜೊತೆ ಇದ್ರಲ್ಲ. ಆ ದಪ್ಪಗಿನವರು... ಟೇಪಣ್ಣ."

ಆ ಹೆಸರು ಬೆಲ್ಟಮ್ಮನ ಕಿವಿಗೆ ಬಿತ್ತು, ಒಳಗೆ ಹೋಗಲಿಲ್ಲ. ಟೇಪಣ್ಣ ಹಾಗೆ ಮಾಡುವವನಲ್ಲ. ಯಾವುದೋ ಹಳ್ಳಕ್ಕೆ ಬಿದ್ದ ಕಾರಿನ ಬಳಿ ಅವಳು ಮೊದಲ ಬಾರಿಗೆ ರಕ್ತ ಕಂಡು ವಾಂತಿ ಮಾಡಿಕೊಂಡಾಗ ನೀರಿನ ಬಾಟಲಿ ಹಿಡಿದು ನಿಂತವನು ಅವನು. ಅವಳ ಮದುವೆಗೆ ಅಣ್ಣನ ಸ್ಥಾನದಲ್ಲಿ ಓಡಾಡಿದವನು. ಸೀಟಿನಲ್ಲಿ ಕೂತವರು ಯಾರೇ ಆಗಲಿ, ಬಗ್ಗಿ, ಅವರ ಬೆಲ್ಟನ್ನು ತಾನೇ ಎಳೆದು ಟಕ್ ಎನ್ನಿಸುವ ತನಕ ಗಾಡಿ ಅಲ್ಲಾಡಿಸದವನು.

ಆ ಕೈ.

ಇವತ್ತು ಲಾರಿ ಕಳಿಸಿದವನೂ ಅವನೇ ಇರಬೇಕು. ತವರಿಗೆ ತರುವ ಕಾರುಗಳ ಉಸ್ತುವಾರಿ ಈಗ ಅವನದೇ. ಲಾರಿ ಒಂದು ಗಳಿಗೆ ಮುಂಚೆ ಬಂದಿದ್ದರೆ ಆ ಮೂರು ಬೆಲ್ಟುಗಳನ್ನು ಲೋಕದಲ್ಲಿ ಯಾರೂ ನೋಡುತ್ತಿರಲಿಲ್ಲ.

"ಇನ್ಸ್‌ಪೆಕ್ಟರಿಗೆ ಫೋನ್ ಮಾಡು," ಎಂದಳು ಮೈದುನನಿಗೆ. ತಾನು ಆಸ್ಪತ್ರೆಯ ನಂಬರು ಒತ್ತಿದಳು. ಹುಡುಗಿಗೆ ಈ ಸುದ್ದಿ ಮೊದಲು ಹೇಳಬೇಕು. ನೀನಲ್ಲ ಕಣಮ್ಮಾ, ನೀನು ಓಡಿಸಿಲ್ಲ ಎಂದು ತಾನೇ ಹೇಳಬೇಕು.

ವಾರ್ಡಿನ ಸಿಸ್ಟರ್ ಎತ್ತಿದರು.

"ಮೇಷ್ಟ್ರ ಮಗಳಾ? ಡಿಸ್ಚಾರ್ಜ್ ಆಯ್ತಲ್ಲ."

"ಆಯ್ತಾ? ಸಂಜೆ ಅಂದಿದ್ರು!"

"ಇನ್ಸ್‌ಪೆಕ್ಟರೇ ಕಳಿಸಿದಾರೆ, ಠಾಣೆಗೆ ಬಿಡ್ತೀನಿ ಅಂತ ಕಾರ್ ಕಂಪನಿಯವರೊಬ್ಬರು ಬಂದಿದ್ರು. ಪೇದೆ ಊಟಕ್ಕೆ ಹೋಗಿದ್ರು. ಹುಡುಗಿಗೂ ಪರಿಚಯದವರೇ, ಅಂಕಲ್ ಅಂತ ಹಿಂದೇನೇ ಹೋದ್ಲು. ಪಾಪ ಅವರಿಗೂ ಭುಜಕ್ಕೇನೋ ಆಗಿದೆ. ಬಲಗೈ ಎತ್ತೋಕೇ ಆಗ್ತಿರ್ಲಿಲ್ಲ, ಎಡಗೈಲೇ ಸಹಿ ಹಾಕಿದ್ರು. ನಾನೇ ಹೇಳ್ದೆ, ಡಾಕ್ಟರಿಗೆ ತೋರ್ಸಿ ಅಂತ..."

ಬೆಲ್ಟಮ್ಮ ಫೋನು ಕಟ್ ಮಾಡಿದಳು. ಟೇಪಣ್ಣನ ನಂಬರು ಹುಡುಕಬೇಕಾಗಿರಲಿಲ್ಲ, ಅದು ಅವಳಿಗೆ ಬಾಯಿಪಾಠ.

ಎರಡು ರಿಂಗಿಗೇ ಎತ್ತಿದ. ಹಿಂದೆ ಕಾರಿನ ಎಂಜಿನ್ ಸದ್ದು, ಗಾಳಿಯ ಮೊರೆತ. ಫೋನನ್ನು ಸ್ಪೀಕರಿಗೆ ಹಾಕಿದ್ದ.

"ಏನು ತಂಗೀ," ಎಂದ ಟೇಪಣ್ಣ. ಎಂದಿನ ಅದೇ ಮೆತ್ತನೆಯ ದನಿ. "ಗಾಡಿ ಕಳಿಸಲ್ಲ ಅಂದ್ರಂತೆ?"

"ಅಣ್ಣಾ, ಎಲ್ಲಿದೀಯ?"

"ಸೇತುವೆ ಕಡೆ ಹೊರಟಿದೀನಿ. ಮಗೂಗೆ ಆ ಜಾಗ ಒಂದ್ಸಲ ತೋರಿಸೋಣ ಅಂತ. ನೆನಪು ಬಂದ್ರೂ ಬರ್ಬಹುದು."

"ಗಾಡಿ ನಿಲ್ಸು ಅಣ್ಣಾ. ನಾನೇ ಬರ್ತೀನಿ. ಎಲ್ಲಾ ಮಾತಾಡೋಣ."

ಅಷ್ಟರಲ್ಲಿ ಹುಡುಗಿಯ ದನಿ ಕೇಳಿಸಿತು, ದೂರದಿಂದ, ಗೆಲುವಾಗಿ.

"ಆಂಟೀ! ಬೆಲ್ಟಮ್ಮ ಆಂಟಿನಾ? ಏನಾದ್ರೂ ಗೊತ್ತಾಯ್ತಾ?"

"ಪುಟ್ಟಾ, ನೀನು ಮುಂದೆ ಕೂತಿದೀಯೋ ಹಿಂದೆನೋ?"

"ಮುಂದೆ ಆಂಟಿ, ಅಂಕಲ್ ಪಕ್ಕ."

"ಬೆಲ್ಟ್ ಹಾಕ್ಕೋ. ಈಗ್ಲೇ. ಟಕ್ ಅನ್ನೋದು ನಂಗೆ ಕೇಳಿಸ್ಬೇಕು."

ತಡಕಾಡುವ ಸದ್ದು. ಬಟ್ಟೆಯ ಸರಸರ. ಎಂಜಿನ್ನಿನ ದನಿ ಒಂದು ಮಟ್ಟ ಏರಿತು, ಇನ್ನೊಂದು ಮಟ್ಟ ಏರಿತು.

"ಆಗ್ಲಿಂದ ಹುಡುಕ್ತಾ ಇದೀನಿ ಆಂಟಿ," ಎಂದಳು ಹುಡುಗಿ. "ಈ ಸೀಟಿಗೆ ಬೆಲ್ಟೇ ಇಲ್ಲ. ಯಾರೋ ಬುಡದಲ್ಲೇ ಕತ್ತರಿಸಿದಾರೆ."